ಪಂಪು ಮೇಷ್ಟ್ರ ಕೆಮ್ಮು

ಪಂಪು ಮೇಷ್ಟ್ರು ಜೀವಮಾನದಲ್ಲಿ ಓದಿದ ಸಂಶೋಧನಾ ಪ್ರಬಂಧಗಳಿಗಿಂತ ಬರೆದ ಪ್ರಬಂಧಗಳೇ ಹೆಚ್ಚು. ಬರೆದ ಎಂದರೆ ಕೂತು, ಪೆನ್ನು ಹಿಡಿದು, ತಲೆ ಕೆರೆದುಕೊಂಡು ಬರೆದದ್ದು ಎಂದು ಯಾರೂ ಅಪಾರ್ಥ ಮಾಡಿಕೊಳ್ಳಬಾರದು. ಅವರ ಇಂಜಿನಿಯರಿಂಗ್ ಕಾಲೇಜಿನಲ್ಲಿ ಅಂಥ ಒರಟು ಪದ್ಧತಿ ಎಂದೋ ನಿಂತುಹೋಗಿತ್ತು. ಅಕ್ಕಪಕ್ಕದ ಮನೆಯವರು ಸಕ್ಕರೆ ಹಾಲು ಕೈಬದಲು ಮಾಡಿಕೊಳ್ಳುವ ಹಾಗೆ ಅಲ್ಲಿನ ಮೇಷ್ಟ್ರುಗಳು ಹೆಸರು ಕೈಬದಲು ಮಾಡಿಕೊಳ್ಳುತ್ತಿದ್ದರು. ನಿಮ್ಮ ಪ್ರಬಂಧದಲ್ಲಿ ನನ್ನ ಹೆಸರು, ನನ್ನ ಪ್ರಬಂಧದಲ್ಲಿ ನಿಮ್ಮ ಹೆಸರು. ಹೀಗಾಗಿ, ಮೇಷ್ಟ್ರು ಪಾಠ ಮಾಡುವುದು ನೀರೆತ್ತುವ ಪಂಪಿನ ವಿಷಯವಾದರೂ ಅವರ ಹೆಸರು ಕಣ್ಣಿನ ಪೊರೆ ತೆಗೆಯುವ ರೋಬೋಟಿನ ಮೇಲೂ, ಇರುವೆಗಳ ಸಾಲು ನೋಡಿ ಬಸ್ಸುಗಳಿಗೆ ದಾರಿ ಗೊತ್ತುಮಾಡುವ ಲೆಕ್ಕದ ಮೇಲೂ, ಬೂದಿಯಿಂದ ಮಾಡಿದ ಇಟ್ಟಿಗೆಯ ಮೇಲೂ, ಇಲಿಗಳ ಪಿತ್ತಕೋಶದ ಮೇಲೂ ಇತ್ತು. ಇಲಿಗಳಿಗೆ ಪಿತ್ತಕೋಶವೇ ಇರುವುದಿಲ್ಲ ಎಂದು ಯಾರೋ ವಿದೇಶದಿಂದ ತಕರಾರು ಎತ್ತಿದಾಗ, ಆ ಪ್ರಬಂಧದ ಲೇಖಕರೆಲ್ಲ ಒಟ್ಟಿಗೆ ಕೂತು ಆಶ್ಚರ್ಯಪಟ್ಟರು.

"ಅಲ್ಲಾ ರೀ, ಯಾರಾದ್ರೂ ಕೇಳಿದ್ರೆ ನಿಮ್ಮ ವಿಷಯ ಯಾವುದು ಅಂತ ಹೇಳ್ಲಿ?" ಎಂದು ಹೆಂಡತಿ ಕೇಳುತ್ತಿದ್ದಳು.

"ಬಹುಶಿಸ್ತೀಯ ಅನ್ನು."

"ಹಾಗಂದ್ರೆ?"

"ಹಾಗಂದ್ರೆ, ಒಂದೇ ವಿಷಯಕ್ಕೆ ಅಂಟಿಕೊಂಡು ಕೂರೋ ಜಾತಿ ಅಲ್ಲ ಅಂತ."

ಕೆಮ್ಮಿನ ಕಥೆ ಶುರುವಾದದ್ದು ಕಂಪ್ಯೂಟರ್ ಮೇಷ್ಟ್ರಿಂದ. ಕಂಪ್ಯೂಟರ್ ವಿಭಾಗದ ಈ ಮನುಷ್ಯ ಪಂಪು ಮೇಷ್ಟ್ರಿಗಿಂತ ಚಿಕ್ಕವರು, ಮಾತು ಮಾತ್ರ ಬಲು ದೊಡ್ಡದು. ಕೆಮ್ಮಿನ ಸದ್ದು ಕೇಳಿಯೇ ಎದೆಯ ರೋಗ ಹಿಡಿಯುವ ಯಂತ್ರವೊಂದನ್ನು ಅವರು ಯೋಚಿಸಿದ್ದರು. ಯಂತ್ರಕ್ಕೆ ಕಲಿಸಬೇಕಾದರೆ ರೋಗಿಗಳ ಕೆಮ್ಮೂ ಬೇಕು, ಆರೋಗ್ಯವಂತರ ಕೆಮ್ಮೂ ಬೇಕು. ರಸ್ತೆಯಾಚೆ ಅದೇ ಆಡಳಿತ ಮಂಡಳಿಯ ಆಸ್ಪತ್ರೆ. ಅಲ್ಲಿ ಕೆಮ್ಮಿಗೇನು ಬರ? ಆದರೆ ರೋಗಿಯ ಕೆಮ್ಮನ್ನು ಮುದ್ರಿಸಿಕೊಳ್ಳಲು ಒಂದು ಸಮಿತಿಯ ಒಪ್ಪಿಗೆ ಬೇಕಿತ್ತು, ಸಮಿತಿ ಸೇರಲು ಅಧ್ಯಕ್ಷರು ಬೇಕಿತ್ತು, ಅಧ್ಯಕ್ಷರು ನೈತಿಕತೆಯ ಮೇಲೆ ಭಾಷಣ ಮಾಡಲು ವಿದೇಶಕ್ಕೆ ಹೋಗಿದ್ದರು. ಪ್ರಬಂಧ ಕಳಿಸುವ ಗಡುವು ಯಾರಿಗೂ ಕಾಯುವುದಿಲ್ಲ.

"ನಾವೇ ಕೆಮ್ಮೋಣ ಬನ್ನಿ," ಎಂದರು ಕಂಪ್ಯೂಟರ್ ಮೇಷ್ಟ್ರು. "ವೈಜ್ಞಾನಿಕವಾಗಿ ನೋಡಿದ್ರೆ ಕೆಮ್ಮು ಅಂದ್ರೇನು ಸಾರ್? ಗಾಳಿ. ಗಾಳಿಗೆ ರೋಗಿ ಯಾರು, ಮೇಷ್ಟ್ರು ಯಾರು ಅಂತ ಗೊತ್ತಿರತ್ತಾ?"

ಪ್ರಯೋಗಾಲಯದ ಬಾಗಿಲು ಹಾಕಿ, ಫ್ಯಾನು ಆರಿಸಿ, ಮೈಕು ಇಟ್ಟರು. ಮಿಕ್ಕ ಮೇಷ್ಟ್ರುಗಳ ಕೆಮ್ಮು ಗಂಟಲು ಸರಿಮಾಡಿಕೊಂಡಂತಿತ್ತು. ಸಿಮೆಂಟಿನ ಮೇಷ್ಟ್ರಂತೂ ನಾಚಿಕೊಂಡು ನಕ್ಕುಬಿಟ್ಟರು. ಪಂಪು ಮೇಷ್ಟ್ರ ಸರದಿ ಬಂದಾಗ ಅವರು ಕೋಟು ಬಿಚ್ಚಿ ಕುರ್ಚಿಯ ಮೇಲೆ ಹಾಕಿದರು. ಹೊಟ್ಟೆಯ ತಳದಿಂದ ಎತ್ತಿ, ಎದೆಯಲ್ಲಿ ಒಂದು ಸುತ್ತು ತಿರುಗಿಸಿ, ಗಂಟಲಲ್ಲಿ ಗೊರಗೊರ ಅನ್ನಿಸಿ, ಕೊನೆಗೆ ಪ್ರಾಣವೇ ಹೋಯಿತೇನೋ ಎಂಬಂತೆ ಒಂದು ಎಳೆತ ಎಳೆದು ನಿಲ್ಲಿಸಿದರು. ಹೊರಗಿದ್ದ ಅಟೆಂಡರ್ ಬಾಗಿಲು ನೂಕಿಕೊಂಡು ನೀರಿನ ಬಾಟಲಿ ಹಿಡಿದು ಓಡಿಬಂದ.

"ಅದ್ಭುತ!" ಎಂದರು ಕಂಪ್ಯೂಟರ್ ಮೇಷ್ಟ್ರು. "ಸಾರ್, ಇದು ದೈವದತ್ತ."

ಹೊಗಳಿಕೆ ಕಿವಿಗೆ ಬಿದ್ದ ಮೇಲೆ ಕೇಳಬೇಕೆ? ಮೇಷ್ಟ್ರು ಬೀಡಿ ಸೇದುವ ಮುದುಕನ ಹಾಗೆ ಕೆಮ್ಮಿದರು, ಹಸಿ ಬಾಣಂತಿಯ ಹಾಗೆ ಕೆಮ್ಮಿದರು, ಗಣಿಯಲ್ಲಿ ಕೆಲಸ ಮಾಡುವವನ ಹಾಗೆ, ಹಾಡು ನಿಂತುಹೋದ ಹಾಡುಗಾರನ ಹಾಗೆ ಕೆಮ್ಮಿದರು. ಆ ಮಧ್ಯಾಹ್ನ ಒಬ್ಬ ಮನುಷ್ಯನಿಂದ ಒಂದು ವಾರ್ಡು ತುಂಬುವಷ್ಟು ರೋಗಿಗಳು ಹುಟ್ಟಿಕೊಂಡರು; ಒಬ್ಬೊಬ್ಬರ ವಯಸ್ಸು, ಲಿಂಗ, ಚಟಗಳನ್ನೂ ಕಂಪ್ಯೂಟರ್ ಮೇಷ್ಟ್ರು ಯಂತ್ರಕ್ಕೆ ಉಣಿಸಿದರು.

"ಈಗ ಆರೋಗ್ಯವಂತರದ್ದೂ ಒಂದಿಷ್ಟು ಕೊಟ್ಟುಬಿಡಿ ಸಾರ್."

ಮೇಷ್ಟ್ರು ತಡವರಿಸಿದರು. ಆರೋಗ್ಯವಂತರು ಹೇಗೆ ಕೆಮ್ಮುತ್ತಾರೆ? ಅವರಿಗೆ ಗೊತ್ತಿದ್ದ ಸಭ್ಯ ಕೆಮ್ಮು ಒಂದೇ, ಅಕ್ಕನದು. ಅಕ್ಕ ಸಾರ್ವಜನಿಕ ಗ್ರಂಥಾಲಯದ ಓದುವ ಕೋಣೆಯಲ್ಲಿ ನೌಕರಿ ಮಾಡಿ ನಿವೃತ್ತಳಾದವಳು. 'ಸದ್ದು ಮಾಡಬಾರದು' ಎಂಬ ಬೋರ್ಡಿನ ಕೆಳಗೇ ಅವಳ ಕುರ್ಚಿ. ಹಳೆ ಪುಸ್ತಕಗಳ ಧೂಳು ಕುಡಿದು ಕುಡಿದು ಕೆಮ್ಮು ಬರುತ್ತಿತ್ತು. ಓದುವವರಿಗೆ ತೊಂದರೆಯಾಗದಂತೆ ಅವಳು ಅದನ್ನು ಅಂಗೈಯೊಳಗೆ ಮುಚ್ಚಿ, ತುಟಿ ಬಿಗಿದು, ಹೆಗಲು ಮಾತ್ರ ಅಲ್ಲಾಡುವ ಹಾಗೆ ಮುಗಿಸುತ್ತಿದ್ದಳು. ಮೇಷ್ಟ್ರು ಅಂಗೈ ಬಾಯಿಗಿಟ್ಟು ಅದೇ ಕೆಮ್ಮನ್ನು ಮತ್ತೆ ಮತ್ತೆ ಕೆಮ್ಮಿದರು. ಯಂತ್ರ ಅದನ್ನು ಆರೋಗ್ಯದ ಲಕ್ಷಣವೆಂದು ಶ್ರದ್ಧೆಯಿಂದ ಕಲಿತುಕೊಂಡಿತು.

ಪ್ರಬಂಧ ಅಚ್ಚಾಯಿತು. ರೋಗಿಗಳ ಪೈಕಿ ಬಹುಪಾಲು ಅವರೇ ಆಗಿದ್ದರಿಂದ ಪಂಪು ಮೇಷ್ಟ್ರ ಹೆಸರು ಎರಡನೆಯದಾಗಿ ಬಂತು. ಆಸ್ಪತ್ರೆಯ ಎದೆ ಡಾಕ್ಟ್ರು ಶೀರ್ಷಿಕೆಯಲ್ಲಿ ಒಂದು ಪದ ತಿದ್ದಿದ್ದಕ್ಕೆ ಅವರದು ಮೂರನೆಯದು, ಪ್ರಿನ್ಸಿಪಾಲರು ಪ್ರಿನ್ಸಿಪಾಲರಾಗಿದ್ದಕ್ಕೆ ಅವರದು ಮೊದಲನೆಯದು. ಯಂತ್ರದ ತೀರ್ಪು ಶೇಕಡಾ ತೊಂಬತ್ತೆಂಟು ಸರಿ ಎಂದು ಪ್ರಬಂಧ ಸಾರಿತು. ಪಂಪು ಮೇಷ್ಟ್ರ ಕೆಮ್ಮನ್ನು ಪಂಪು ಮೇಷ್ಟ್ರದೇ ಎಂದು ಗುರುತಿಸಲು ಯಾವ ಯಂತ್ರಕ್ಕೆ ತಾನೆ ಕಷ್ಟ?

ದಿನಪತ್ರಿಕೆಯಲ್ಲಿ ಮೇಷ್ಟ್ರ ಫೋಟೋ ಬಂದ ದಿನ ಬೆಳಿಗ್ಗೆಯೇ ಪಕ್ಕದ ಮನೆಯ ನಿವೃತ್ತ ಮ್ಯಾನೇಜರು ಕಾಂಪೌಂಡ್ ಗೋಡೆಯ ಮೇಲಿಂದ ತಲೆ ಹಾಕಿದರು.

"ಏನ್ಸಾರ್, ಇಷ್ಟು ದಿನ ಪಂಪು ಪಂಪು ಅಂತಿದ್ರಿ, ಒಳಗೊಳಗೇ ಡಾಕ್ಟ್ರಾಗಿದ್ದೀರಲ್ಲ! ಸ್ವಲ್ಪ ನನ್ನ ಕೆಮ್ಮು ಕೇಳ್ತೀರಾ?"

ಅಂದಿನಿಂದ ಬೀದಿಗೆ ಬೀದಿಯೇ ಮೇಷ್ಟ್ರ ಮುಂದೆ ಕೆಮ್ಮತೊಡಗಿತು. ಹಾಲು ಹಾಕುವವನು ಕೆಮ್ಮಿ ತೋರಿಸಿ ಹೋಗುತ್ತಿದ್ದ. ಹೆಂಡತಿಯ ತಮ್ಮ ಊರಿಂದ ಫೋನು ಮಾಡಿ, ಭಾವಾ ಅನ್ನುವ ಮೊದಲು ಕೆಮ್ಮುತ್ತಿದ್ದ. ಮೇಷ್ಟ್ರು ಕಣ್ಣು ಅರೆಮುಚ್ಚಿ, ತಲೆ ಒಂದು ಪಕ್ಕ ವಾಲಿಸಿ ಕೇಳುತ್ತಿದ್ದರು. ನಂತರ "ಹೂಂ, ಒತ್ತಡ ಕಡಿಮೆ," ಎಂದೋ "ಕವಾಟದಲ್ಲಿ ಸ್ವಲ್ಪ ಸೋರಿಕೆ," ಎಂದೋ ಗಂಭೀರವಾಗಿ ಅನ್ನುತ್ತಿದ್ದರು. ಪಂಪಿಗೆ ಹೇಳುವುದನ್ನೇ ಹೇಳುತ್ತಿದ್ದರೂ ಯಾರಿಗೂ ಅನುಮಾನ ಬರಲಿಲ್ಲ. ಮ್ಯಾನೇಜರು ಮಾತ್ರ ಸೋರಿಕೆಯ ಮಾತು ಕೇಳಿ ಉಯಿಲು ಬರೆಸಿದರು.

ಎಲ್ಲರಿಗಿಂತ ಹಿಗ್ಗಿದವಳು ಅಕ್ಕ. ತಾಯಿ ತೀರಿಕೊಂಡಾಗ ಮೇಷ್ಟ್ರು ಇನ್ನೂ ಚಡ್ಡಿ ಹಾಕುತ್ತಿದ್ದರು. ಅವರನ್ನು ಮೀಯಿಸಿ, ಉಣ್ಣಿಸಿ, ಓದಿಸಿ, ಮನುಷ್ಯನನ್ನಾಗಿ ಮಾಡಿದವಳು ಅವಳು. ತಾನು ಮದುವೆಯಾಗಲಿಲ್ಲ. ಈಗ ತಮ್ಮನ ಮನೆಯ ಮಹಡಿಯ ಕೋಣೆಯಲ್ಲಿ ಇರುತ್ತಿದ್ದಳು. ಪತ್ರಿಕೆಯ ಆ ಪುಟವನ್ನು ಕತ್ತರಿಸಿ, ಗ್ರಂಥಾಲಯದ ಅಭ್ಯಾಸದಂತೆ ರಟ್ಟಿಗೆ ಅಂಟಿಸಿ, ಬಂದವರಿಗೆಲ್ಲ ತೋರಿಸಿದಳು. "ನಮ್ಮ ಪುಟ್ಟ ಯಂತ್ರಕ್ಕೆ ಕಿವಿ ಕೊಟ್ಟಿದ್ದಾನೆ," ಎನ್ನುತ್ತಿದ್ದಳು.

ಅಷ್ಟರಲ್ಲಿ ಯಂತ್ರ ಆಸ್ಪತ್ರೆಗೂ ಬಂತು. ಹೊರರೋಗಿಗಳ ಹಜಾರದಲ್ಲಿ, ಚೀಟಿ ಕೊಡುವ ಕಿಟಕಿಯ ಪಕ್ಕ, ಒಂದು ಬಿಳಿ ಪೆಟ್ಟಿಗೆ. ಕೆಮ್ಮು ಇರುವವರು ಮೊದಲು ಅದರ ಮುಂದೆ ನಿಂತು ಕೆಮ್ಮಬೇಕು. ಕೆಂಪು ದೀಪ ಹತ್ತಿದರೆ ಎದೆ ಡಾಕ್ಟ್ರ ಕೋಣೆಗೆ. ಹಸಿರು ದೀಪ ಹತ್ತಿದರೆ ಸಿರಪ್ಪಿನ ಕಿಟಕಿಗೆ, ಅಲ್ಲಿಂದ ಮನೆಗೆ. ಹಸಿರು ದೀಪದವರನ್ನು ಡಾಕ್ಟ್ರು ನೋಡಕೂಡದು ಎಂದು ನಿಯಮ. ಕ್ಯೂ ಅರ್ಧಕ್ಕರ್ಧ ಕರಗಿಹೋಯಿತು; ಆಡಳಿತ ಮಂಡಳಿಗೆ ಪರಮಾನಂದವಾಯಿತು. ಪಂಪು ಮೇಷ್ಟ್ರನ್ನು ಪ್ರೊಫೆಸರ್ ಮಾಡುವ ಕಡತ ಮೇಲಿನ ಮೇಜಿಗೆ ಹೋಯಿತು.

"ನಿಮ್ಮಕ್ಕನ್ನ ಸ್ವಲ್ಪ ನೋಡಿ," ಎಂದು ಹೆಂಡತಿ ಒಂದು ದಿನ ಅಂದಳು. "ಮಹಡಿ ಹತ್ತೋವಾಗ ಅರ್ಧದಲ್ಲೇ ಕೂತ್ಬಿಡ್ತಾರೆ. ಬಟ್ಟೆ ಎಲ್ಲ ಜೋತು ಬೀಳ್ತಾ ಇದೆ. ಕೆಮ್ಮು ಬೇರೆ."

"ನನಗೆ ಕೇಳ್ಸೇ ಇಲ್ವಲ್ಲ."

"ಅವರು ಕೆಮ್ಮೋದು ಯಾರಿಗೆ ಕೇಳ್ಸತ್ತೆ ರೀ? ಹೆಗಲು ಅಲ್ಲಾಡೋದು ನೋಡಿ ಹೇಳ್ತಿದ್ದೀನಿ."

ಮೇಷ್ಟ್ರಿಗೆ ಚಿಂತೆಗಿಂತ ಉತ್ಸಾಹವೇ ಹೆಚ್ಚಾಯಿತು. ತಾನೇ ಹುಟ್ಟಿಸಿದ ಯಂತ್ರದ ಮುಂದೆ ತನ್ನ ಅಕ್ಕನನ್ನು ನಿಲ್ಲಿಸುವುದೆಂದರೆ ಸಾಮಾನ್ಯವೇ! ಇಸ್ತ್ರಿ ಮಾಡಿದ ಷರ್ಟು ಹಾಕಿಕೊಂಡು ಕರೆದೊಯ್ದರು. ಹಜಾರದ ನರ್ಸು ಎದ್ದುನಿಂತಳು. ಅಕ್ಕ ಪೆಟ್ಟಿಗೆಯ ಮುಂದೆ ನಿಂತು, ಸುತ್ತ ನೋಡಿ, ಅಂಗೈ ಬಾಯಿಗಿಟ್ಟು, ಯಾರಿಗೂ ತೊಂದರೆಯಾಗದಂತೆ ಕೆಮ್ಮಿದಳು. ಪಟಕ್ಕನೆ ಹಸಿರು ದೀಪ ಹತ್ತಿತು. ಪರದೆಯ ಮೇಲೆ 'ಪೂರ್ಣ ಆರೋಗ್ಯ' ಎಂದು ಬಂತು.

"ನೋಡಿದ್ಯಾ!" ಎಂದರು ಮೇಷ್ಟ್ರು.

"ನೋಡ್ದೆ ಕಣೋ," ಎಂದಳು ಅಕ್ಕ. ಅವಳ ಮುಖ ಬೆಳಗಿತು. ರೋಗವಿಲ್ಲ ಎಂಬುದಕ್ಕಲ್ಲ, ತಮ್ಮನ ಯಂತ್ರ ಎಲ್ಲರೆದುರು ಚೆನ್ನಾಗಿ ಕೆಲಸ ಮಾಡಿತಲ್ಲ ಎಂಬುದಕ್ಕೆ.

ಸಿರಪ್ಪಿನ ಬಾಟಲಿ ಮುಗಿಯಿತು, ಇನ್ನೊಂದು ಬಂತು, ಅದೂ ಮುಗಿಯಿತು. ಅಕ್ಕ ಕೆಳಗಿಳಿದು ಬರುವುದೇ ಅಪರೂಪವಾಯಿತು. ಕೇಳಿದರೆ, "ನಿನ್ನ ಯಂತ್ರಾನೇ ಚೆನ್ನಾಗಿದ್ದೀನಿ ಅಂದ್ಮೇಲೆ ನಿಂದೇನೋ ತಕರಾರು?" ಎಂದು ಗದರುತ್ತಿದ್ದಳು. ಒಂದು ಬೆಳಿಗ್ಗೆ ಹೆಂಡತಿ ಬಟ್ಟೆ ಒಗೆಯುವ ಕಡೆಯಿಂದ ಅಕ್ಕನ ಕರವಸ್ತ್ರ ಹಿಡಿದುಕೊಂಡು ಬಂದು ಮೇಷ್ಟ್ರ ಮುಂದೆ ಬಿಡಿಸಿದಳು. ಅದರಲ್ಲಿ ರಕ್ತವಿತ್ತು.

ಮೇಷ್ಟ್ರಿಗೆ ಆಗ ಆ ಮಧ್ಯಾಹ್ನ ನೆನಪಾಯಿತು. ಕೋಟು ಬಿಚ್ಚಿ ಕುರ್ಚಿಯ ಮೇಲೆ ಹಾಕಿದ್ದು, ಕೊನೆಗೆ ಅಂಗೈ ಬಾಯಿಗಿಟ್ಟು ಕೆಮ್ಮಿದ್ದು, ಯಾರನ್ನು ಅನುಕರಿಸಿ ಕೆಮ್ಮಿದ್ದು, ಎಲ್ಲ ಕಣ್ಣಮುಂದೆ ಬಂತು. ಇಷ್ಟು ಹೆದರಿಕೆ ಅವರಿಗೆ ಹಿಂದೆಂದೂ ಆಗಿರಲಿಲ್ಲ.

ಕಂಪ್ಯೂಟರ್ ಮೇಷ್ಟ್ರ ಕೋಣೆಗೆ ಓಡಿದರು.

"ಯಂತ್ರ ತಪ್ಪು ಹೇಳ್ತಿದೆ ಕಣಯ್ಯಾ!"

"ಯಂತ್ರ ತಪ್ಪು ಹೇಳಲ್ಲ ಸಾರ್. ತೊಂಬತ್ತೆಂಟು."

"ಆ ತೊಂಬತ್ತೆಂಟೂ ನಾನೇ ಅಲ್ವೇನಯ್ಯಾ!"

ಕಂಪ್ಯೂಟರ್ ಮೇಷ್ಟ್ರು ಎದ್ದು ಬಾಗಿಲು ಹಾಕಿದರು. "ಸಾರ್, ಮೆತ್ತಗೆ. ನಿಮ್ಮಕ್ಕ ಆ ಮಿಕ್ಕ ಎರಡರಲ್ಲಿ ಬಂದಿರಬಹುದು. ಯಾರಾದ್ರೂ ಬರ್ಲೇಬೇಕಲ್ಲ, ಇಲ್ದಿದ್ರೆ ನಮ್ಮ ಲೆಕ್ಕ ಸುಳ್ಳಾಗತ್ತೆ."

ಅಲ್ಲಿಂದ ರಸ್ತೆ ದಾಟಿ ಎದೆ ಡಾಕ್ಟ್ರ ಬಳಿಗೆ. ಡಾಕ್ಟ್ರು ಪ್ರಬಂಧದ ಮೂರನೆಯ ಲೇಖಕರು, ಸ್ನೇಹಿತರು, ಒಳ್ಳೆಯವರು ಕೂಡ. ಕೇಳಿ ಹಣೆ ಉಜ್ಜಿಕೊಂಡರು.

"ಅಯ್ಯೋ, ನೀವು ಮೇಷ್ಟ್ರುಗಳು ಎಲ್ಲ ಸರಿಯಾಗಿ ಮಾಡಿರ್ತೀರಿ ಅಂತ ನಾನು ಸಹಿ ಹಾಕಿದ್ದು."

"ನೀವು ಡಾಕ್ಟ್ರು ಎಲ್ಲ ನೋಡಿರ್ತೀರಿ ಅಂತ ನಾವು ಹಾಕಿದ್ದು!"

"ಈಗ ನಾನು ಹಸಿರು ದೀಪದವರನ್ನ ನೋಡೋ ಹಾಗಿಲ್ವಲ್ಲ ಮೇಷ್ಟ್ರೇ. ಆ ನಿಯಮ ಬರೆದಿದ್ದೇ ನಾನು. ನಾನೇ ಮುರಿದ್ರೆ ಯಂತ್ರದ ಮೇಲೆ ನನಗೇ ನಂಬಿಕೆ ಇಲ್ಲ ಅಂತಾಗತ್ತೆ."

"ಹಾಗಾದ್ರೆ ಬೇರೆ ಆಸ್ಪತ್ರೆಗೆ ಕರ್ಕೊಂಡು ಹೋಗ್ತೀನಿ."

ಈ ಮಾತು ಮೇಷ್ಟ್ರಿಗಿಂತ ಮೊದಲೇ ಕಾಲೇಜು ತಲುಪಿತ್ತು. ಗೇಟಿನೊಳಗೆ ಕಾಲಿಡುತ್ತಿದ್ದಂತೆಯೇ ಪ್ರಿನ್ಸಿಪಾಲರಿಂದ ಕರೆ. ಪ್ರಿನ್ಸಿಪಾಲರು ಬೈಯಲಿಲ್ಲ. ಕೂರಿಸಿದರು, ಕಾಫಿ ತರಿಸಿದರು, ಅಕ್ಕನ ಆರೋಗ್ಯ ವಿಚಾರಿಸಿದರು, ತಮ್ಮ ತಾಯಿಗೂ ವಯಸ್ಸಾಗಿದೆ ಅಂದರು.

"ನಿಮ್ಮ ಸಂಕಟ ನನಗೆ ಅರ್ಥ ಆಗತ್ತೆ. ಆದ್ರೆ ಯೋಚನೆ ಮಾಡಿ. ಯಂತ್ರ ಮಾಡಿದವರೇ ತಮ್ಮ ಅಕ್ಕನ್ನ ಇನ್ನೊಂದು ಆಸ್ಪತ್ರೆಗೆ ಕರ್ಕೊಂಡು ಹೋದ್ರು ಅಂತ ನಾಳೆ ಪತ್ರಿಕೇಲಿ ಬಂದ್ರೆ? ಈ ಒಂದು ಪ್ರಬಂಧ ಬಿದ್ರೆ ಮಿಕ್ಕವನ್ನೂ ಕೆದಕ್ತಾರೆ. ಇಲಿ ಬರತ್ತೆ. ಇರುವೆ ಬರತ್ತೆ. ಕಣ್ಣಿನ ರೋಬೋಟು ಇದೆಯಾ, ತೋರ್ಸಿ ಅಂತಾರೆ. ಎಲ್ಲಿದೆ ರೋಬೋಟು?"

"ನನಗ್ಗೊತ್ತಿಲ್ಲ ಸಾರ್."

"ನನಗೂ ಗೊತ್ತಿಲ್ಲ. ನಿಮ್ಮ ಕಡತ ಈ ವಾರ ಸಹಿಗೆ ಬರತ್ತೆ. ಸಮಾಧಾನವಾಗಿರಿ."

ಮೇಷ್ಟ್ರು ಸಮಾಧಾನವಾಗಿದ್ದರು. ಇದನ್ನು ಹೇಳಲು ನಾಚಿಕೆಯಾಗುತ್ತದೆ, ಆದರೂ ಹೇಳಬೇಕು: ಒಂದು ಇಡೀ ವಾರ ಅವರು ಸಮಾಧಾನವಾಗಿದ್ದರು. ಸಹಿ ಆಗಲಿಲ್ಲ; ಮುಂದಿನ ವಾರಕ್ಕೆ ಹೋಯಿತು. ಆ ವಾರವೂ ಸಮಾಧಾನವಾಗಿದ್ದರು. ಮನೆಗೆ ಬಂದಾಗ ಹೆಂಡತಿ ಮುಖ ತಿರುಗಿಸಿಕೊಳ್ಳುತ್ತಿದ್ದಳು. ಕೊನೆಗೆ ಅವಳೇ ಅಕ್ಕನ ಬಳಿ ಹೋಗಿ ಬೇರೆ ಡಾಕ್ಟ್ರಿಗೆ ತೋರಿಸೋಣ ಎಂದು ಕೈ ಹಿಡಿದು ಕೇಳಿದಳು. ಅಕ್ಕ ಜಪ್ಪಯ್ಯ ಅನ್ನಲಿಲ್ಲ.

"ನಾನು ಬೇರೆ ಕಡೆ ಹೋದ್ರೆ ಪುಟ್ಟನ ಮರ್ಯಾದೆ ಏನಾಗ್ಬೇಕು? ಸ್ವಂತ ಅಕ್ಕನೇ ನಂಬಲಿಲ್ಲ ಅಂತಾರೆ. ನನಗೇನಾಗಿದೆ ಈಗ?"

ಈ ಮಾತನ್ನು ಮೇಷ್ಟ್ರು ಮೆಟ್ಟಿಲ ಮೇಲೆ ನಿಂತು ಕೇಳಿಸಿಕೊಂಡರು. ಅಲ್ಲಿಯೇ ಒಳಗೆ ಹೋಗಿ, ಅಕ್ಕಾ, ಆ ಯಂತ್ರ ಸುಳ್ಳು, ನಾನೂ ಸುಳ್ಳು ಅನ್ನಬಹುದಾಗಿತ್ತು. ಬಾಗಿಲವರೆಗೆ ಹೋದರು. ಗೋಡೆಯ ಮೇಲೆ ರಟ್ಟಿಗೆ ಅಂಟಿಸಿದ ಅವರ ಫೋಟೋ ಇತ್ತು. ಬಾಯಿ ತೆರೆದಾಗ ಬೇರೆಯೇ ಮಾತು ಬಂತು.

"ಅಕ್ಕಾ, ಇನ್ನೊಂದು ಸಲ ಯಂತ್ರದ ಹತ್ತಿರ ಹೋಗೋಣ. ಆವತ್ತು ನೀನು ಸರಿಯಾಗಿ ಕೆಮ್ಮಲಿಲ್ಲ."

ಇಲ್ಲಿಂದ ಪಂಪು ಮೇಷ್ಟ್ರ ಬುದ್ಧಿಯ ವಿಶ್ವರೂಪ. ಸತ್ಯ ಹೇಳುವ ಬದಲು ಅಕ್ಕನಿಗೇ ರೋಗಿಯ ಹಾಗೆ ಕೆಮ್ಮುವುದನ್ನು ಕಲಿಸಲು ಹೊರಟರು. ಎದೆಯಲ್ಲಿ ನಿಜವಾದ ರೋಗ ಇಟ್ಟುಕೊಂಡವಳಿಗೆ ರೋಗದ ನಟನೆ ಹೇಳಿಕೊಡಬೇಕಾಗಿ ಬಂದ ಮೊದಲ ಮೇಷ್ಟ್ರು ಬಹುಶಃ ಇವರೇ ಇರಬೇಕು. ಹಾಸಿಗೆಯ ಮೇಲೆ ದಿಂಬು ಒರಗಿಸಿ ಕೂರಿಸಿ, ಎದುರಿಗೆ ನಿಂತು, "ಹೊಟ್ಟೆಯಿಂದ ಎತ್ಬೇಕಕ್ಕಾ. ಹೀಗೆ," ಎಂದು ಬೀಡಿ ಸೇದುವ ಮುದುಕನ ಕೆಮ್ಮು ಕೆಮ್ಮಿದರು. ಪಕ್ಕದ ಮನೆಯ ಮ್ಯಾನೇಜರು ಕಿಟಕಿ ತೆಗೆದು, "ಸಾರ್, ಆಂಬುಲೆನ್ಸ್ ಕರೀಲಾ?" ಎಂದು ಕೂಗಿದರು.

ಅಕ್ಕ ತಮ್ಮನನ್ನೇ ನೋಡುತ್ತಿದ್ದಳು. ಆಮೇಲೆ ನಗತೊಡಗಿದಳು.

"ಇದು ಗಣಿತದ ಪರೀಕ್ಷೆ ಕೆಮ್ಮಲ್ವೇನೋ? ಸ್ಕೂಲಿಗೆ ಚಕ್ಕರ್ ಹಾಕ್ಬೇಕಾದ್ರೆ ಬೆಳಿಗ್ಗೆನೇ ನೀನು ಇದನ್ನೇ ಕೆಮ್ತಿದ್ದೆ."

"ಅದೆಲ್ಲ ಈಗ್ಯಾಕೆ? ನೀನು ಕೆಮ್ಮು."

ಅಕ್ಕ ಪ್ರಯತ್ನಪಟ್ಟಳು. ಬಾಯಿ ತೆರೆದಳು, ಹೆಗಲು ಎತ್ತಿದಳು. ಆದರೆ ಕೆಮ್ಮು ಬರುವ ಹೊತ್ತಿಗೆ ಕೈ ತಾನಾಗಿ ಬಾಯಿಗೆ ಹೋಯಿತು. ಮೇಷ್ಟ್ರು ಕೈ ಹಿಡಿದುಕೊಂಡರು. ತುಟಿ ತಾನಾಗಿ ಬಿಗಿಯಿತು.

"ಆಗಲ್ಲ ಕಣೋ. ಯಾರೋ ಓದ್ತಾ ಕೂತಿದ್ದಾರೆ ಅನ್ಸತ್ತೆ."

ಮರುದಿನ ಆಸ್ಪತ್ರೆಯ ಹಜಾರದಲ್ಲಿ ಮೇಷ್ಟ್ರು ಅಕ್ಕನನ್ನು ಪೆಟ್ಟಿಗೆಯ ಮುಂದೆ ನಿಲ್ಲಿಸಿ, ಬೀಳದಂತೆ ಹಿಡಿದುಕೊಳ್ಳುವ ನೆಪದಲ್ಲಿ ಹಿಂದೆ ನಿಂತರು. ನರ್ಸು ಗುಂಡಿ ಒತ್ತಿದಳು. ಅಕ್ಕನ ಹೆಗಲು ಅಲ್ಲಾಡಿತು. ಅದೇ ಕ್ಷಣಕ್ಕೆ ಮೇಷ್ಟ್ರು ಅವಳ ಬೆನ್ನಿಗೆ ಮುಖ ಮರೆಸಿಕೊಂಡು, ಹೊಟ್ಟೆಯ ತಳದಿಂದ ಎತ್ತಿ, ಎದೆಯಲ್ಲಿ ಸುತ್ತು ತಿರುಗಿಸಿ, ಗಂಟಲಲ್ಲಿ ಗೊರಗೊರ ಅನ್ನಿಸಿ, ಪ್ರಾಣ ಹೋಗುವ ಎಳೆತ ಎಳೆದರು. ಯಂತ್ರ ಹಳೆಯ ಗುರುವನ್ನು ತಕ್ಷಣ ಗುರುತಿಸಿತು. ಕೆಂಪು ದೀಪ ಹತ್ತಿತು, ಗಂಟೆ ಬಾರಿಸಿತು, ಕ್ಯೂನಲ್ಲಿದ್ದವರೆಲ್ಲ ಎರಡು ಹೆಜ್ಜೆ ಹಿಂದೆ ಸರಿದರು.

ನರ್ಸು ಪರದೆ ಓದಿ ಕಣ್ಣರಳಿಸಿದಳು. "ಅಮ್ಮಾ, ಇದರಲ್ಲಿ ಪುರುಷ ಅಂತ ಬಂದಿದೆ. ಎಪ್ಪತ್ತು ದಾಟಿದೆ, ಬೀಡಿ ಸೇದೋ ಅಭ್ಯಾಸ ಇದೆ ಅಂತಾನೂ ಬಂದಿದೆ."

ಅಕ್ಕ ತಿರುಗಿ ಒಮ್ಮೆ ತಮ್ಮನ ಮುಖ ನೋಡಿದಳು. ಆಮೇಲೆ ನರ್ಸಿನ ಕಡೆ ತಿರುಗಿ ಶಾಂತವಾಗಿ ಹೇಳಿದಳು:

"ಹೌದಮ್ಮಾ. ಸೇದ್ತಿದ್ದೆ. ಮನೇಲಿ ಯಾರಿಗೂ ಹೇಳಿರ್ಲಿಲ್ಲ."

ಜೀವಮಾನದಲ್ಲಿ ಅಗರಬತ್ತಿಯ ಹೊಗೆಗೂ ಎದ್ದು ಹೊರಗೆ ಹೋಗುತ್ತಿದ್ದ ಹೆಂಗಸು ಹಜಾರದ ತುಂಬ ಜನರೆದುರು ಬೀಡಿ ಸೇದಿದವಳಾದಳು. ಪುರುಷ ಎಂದು ಬಂದದ್ದಕ್ಕೆ ಯಾರೂ ವಿವರಣೆ ಕೇಳಲಿಲ್ಲ; ಯಂತ್ರ ಅಂದಮೇಲೆ ಏನೋ ಕಾರಣ ಇದ್ದೀತು ಎಂದು ಎಲ್ಲರೂ ಸುಮ್ಮನಾದರು.

ಎದೆ ಡಾಕ್ಟ್ರು ಈಗ ನಿಯಮದ ಪ್ರಕಾರ ನೋಡಿದರು. ಎಕ್ಸ್‌ರೇ ಬಂತು, ಸ್ಕ್ಯಾನು ಬಂತು. ಫಿಲಮ್ಮನ್ನು ಬೆಳಕಿಗೆ ಹಿಡಿದವರು ಬಹಳ ಹೊತ್ತು ಇಳಿಸಲಿಲ್ಲ. ಆಮೇಲೆ ಮೇಷ್ಟ್ರನ್ನು ಮಾತ್ರ ಒಳಗೆ ಕರೆದರು.

"ಎಡಗಡೆ ಗಡ್ಡೆ ಇದೆ. ಹರಡಿದೆ. ಮೊದಲ ಸಲ ಬಂದಾಗಲೇ ನೋಡಿದ್ರೆ ಕತ್ತರಿಸಿ ತೆಗೆಯೋ ಸ್ಥಿತೀಲಿತ್ತೋ ಏನೋ." ಇಷ್ಟು ಹೇಳಿ, ಅಭ್ಯಾಸಬಲದಿಂದ, ಎಲ್ಲ ರೋಗಿಗಳ ಮನೆಯವರಿಗೆ ಹೇಳುವುದನ್ನೇ ಹೇಳಿದರು: "ಇಷ್ಟು ತಡ ಯಾಕೆ ಮಾಡಿದ್ರಿ?"

ಮೇಷ್ಟ್ರು ಡಾಕ್ಟ್ರನ್ನು ನೋಡಿದರು, ಡಾಕ್ಟ್ರು ಮೇಷ್ಟ್ರನ್ನು ನೋಡಿದರು. ಎರಡನೆಯ ಲೇಖಕನೂ ಮೂರನೆಯ ಲೇಖಕನೂ ಒಟ್ಟಿಗೆ ತಲೆ ತಗ್ಗಿಸಿದರು.

ಇಲ್ಲಿಗೆ ಕಥೆ ಮುಗಿದಿದ್ದರೆ ಅದು ಬರೀ ದುಃಖದ ಕಥೆಯಾಗುತ್ತಿತ್ತು, ಮರ್ಯಾದೆಯಾದರೂ ಉಳಿಯುತ್ತಿತ್ತು. ಆದರೆ ಪ್ರಿನ್ಸಿಪಾಲರ ಕಿವಿಗೆ ಬಿದ್ದದ್ದು ಗಡ್ಡೆಯ ಸುದ್ದಿಯಲ್ಲ, ಕೆಂಪು ದೀಪದ ಸುದ್ದಿ. ಯಂತ್ರ ಕೆಂಪು ಅಂದಿತು, ರೋಗ ನಿಜವಾಗಿ ಸಿಕ್ಕಿತು! ಅದು ಬಂದಾಗಿನಿಂದ ಇಂಥದ್ದು ಆಗಿದ್ದು ಇದೇ ಮೊದಲು. ಕಂಪ್ಯೂಟರ್ ಮೇಷ್ಟ್ರು ಓಡಿಬಂದು ಪಂಪು ಮೇಷ್ಟ್ರನ್ನು ತಬ್ಬಿಕೊಂಡರು.

"ಸಾರ್, ನಾನು ಹೇಳ್ಲಿಲ್ವಾ? ಯಂತ್ರ ತಪ್ಪು ಹೇಳಲ್ಲ!"

"ಅದು ನನ್ನ ಕೆಮ್ಮು ಕಣಯ್ಯಾ."

"ಯಾರದಾದ್ರೇನು ಸಾರ್? ರೋಗ ಇತ್ತೋ ಇಲ್ವೋ?"

'ಅಕ್ಕನ ರೋಗ ಪತ್ತೆಹಚ್ಚಿದ ತಮ್ಮನ ಸಂಶೋಧನೆ' ಎಂದು ಪತ್ರಿಕೆಯಲ್ಲಿ ದಪ್ಪಕ್ಷರದಲ್ಲಿ ಬಂತು. ಕಡತಕ್ಕೆ ಅಂದೇ ಸಹಿ ಬಿತ್ತು. ಬೇರೆ ಬೇರೆ ಊರಿನ ಆಸ್ಪತ್ರೆಗಳಿಂದ ಯಂತ್ರ ಬೇಕೆಂದು ಬೇಡಿಕೆ ಬಂತು. ಹೆಂಡತಿಯ ತಮ್ಮ ಫೋನು ಮಾಡಿ, ಕೆಮ್ಮದೆಯೇ ಅಭಿನಂದಿಸಿದ. ಪಕ್ಕದ ಮನೆಯ ಮ್ಯಾನೇಜರು ಹೂವಿನ ಗುಚ್ಛ ತಂದು, "ಅಂಥ ತಮ್ಮ ಇರ್ಬೇಕು ನೋಡಿ," ಎಂದು ಕಣ್ಣೊರೆಸಿಕೊಂಡರು. ಆ ಮಾತು ಮುಗಿಯುವವರೆಗೆ ನಿಲ್ಲಲಾರದೆ ಹೆಂಡತಿ ಒಳಗೆ ಹೋದಳು.

ಆಸ್ಪತ್ರೆಯಲ್ಲಿ ಅಕ್ಕನನ್ನು ಇಟ್ಟಿದ್ದ ಕೋಣೆ ಕೆಳಗಿನ ಅಂತಸ್ತಿನದು. ಬಾಗಿಲಿನ ಗಾಜಿನಿಂದ ಹಜಾರ ಕಾಣುತ್ತಿತ್ತು, ಬಿಳಿ ಪೆಟ್ಟಿಗೆಯೂ ಕಾಣುತ್ತಿತ್ತು. ಬೇರೆ ಏನೂ ನೋಡಲಿಕ್ಕಿಲ್ಲದೆ ಅಕ್ಕ ದಿನವೆಲ್ಲ ಅದನ್ನೇ ನೋಡುತ್ತ ಮಲಗಿರುತ್ತಿದ್ದಳು.

ಸನ್ಮಾನದ ದಿನ ಮೇಷ್ಟ್ರು ಹೊಸ ಕೋಟು ಹಾಕಿಕೊಂಡು ಅವಳಿಗೆ ತೋರಿಸಲು ಬಂದರು. ಅಕ್ಕ ಕೊರಳಪಟ್ಟಿ ಸರಿಮಾಡಿದಳು. ಅವಳ ಬೆರಳು ಕಡ್ಡಿಯಾಗಿದ್ದವು.

"ಅಕ್ಕಾ," ಎಂದರು ಮೇಷ್ಟ್ರು. "ಆವತ್ತು ಕೆಮ್ಮಿದ್ದು ನೀನಲ್ಲ. ನಾನು."

"ಗೊತ್ತಿಲ್ವೇನೋ ನನಗೆ? ಸ್ಕೂಲಿನ ಕಾಲದಲ್ಲೂ ಗೊತ್ತಿತ್ತು. ನಂಬಿದ ಹಾಗೆ ಇದ್ದೆ ಅಷ್ಟೆ." ಸ್ವಲ್ಪ ದಣಿವಾರಿಸಿಕೊಂಡಳು. "ಆ ಯಂತ್ರಕ್ಕೆ ನಿಂದು ಬಿಟ್ರೆ ಬೇರೆ ಕೆಮ್ಮು ಗೊತ್ತಿಲ್ಲ, ಅಲ್ವಾ?"

ಮೇಷ್ಟ್ರು ಹೊಸ ಕೋಟಿನ ಗುಂಡಿ ತಿರುವುತ್ತ ನಿಂತರು.

"ಇಲ್ಲಿಂದ ದಿನಾ ನೋಡ್ತೀನಿ ಪುಟ್ಟಾ. ಜೋರು ಬಾಯಿಯವರೆಲ್ಲ ಒಳಗೆ ಹೋಗ್ತಾರೆ. ಮೆತ್ತಗಿನವರೆಲ್ಲ ಬಾಟ್ಲಿ ತಗೊಂಡು ಮನೆಗೆ ಹೋಗ್ತಾರೆ. ಅಲ್ಲಿ ನೋಡು, ಆ ಬೂದು ಸ್ವೆಟರಿನವರು. ಮೊನ್ನೆನೂ ಬಂದಿದ್ರು. ನನ್ನ ಹಾಗೇ ಕೆಮ್ತಾರೆ. ಅವರಿಗೂ ಒಂದ್ಸಲ ಕೆಮ್ಮಿಬಿಡೋ."

ಗಾಜಿನಾಚೆ ಬೂದು ಸ್ವೆಟರಿನ ಮುದುಕರೊಬ್ಬರು ಕ್ಯೂನಲ್ಲಿ ಮುಂದೆ ಬಂದಿದ್ದರು. ಅಂಗೈ ಬಾಯಿಗಿಟ್ಟಿದ್ದರು, ಹೆಗಲು ಅಲ್ಲಾಡುತ್ತಿತ್ತು. ಮೇಷ್ಟ್ರು ಬಾಗಿಲು ತೆಗೆದು ಹೊರಟರು. ಈ ಸಲ ಅವರು ನಿಜವಾಗಿಯೂ ಹೊರಟಿದ್ದರು. ಮುದುಕರ ಹಿಂದೆ ಹೋಗಿ ನಿಂತರು. ನರ್ಸು ಗುಂಡಿಯ ಮೇಲೆ ಬೆರಳಿಟ್ಟಳು. ಮೇಷ್ಟ್ರು ಹೊಟ್ಟೆಯೊಳಗೆ ಗಾಳಿ ಎಳೆದುಕೊಂಡರು.

"ಇಲ್ಲೇ ಇದ್ದಾರೆ ಪ್ರೊಫೆಸರ್ರು!" ಎಂದು ಪ್ರಿನ್ಸಿಪಾಲರ ದನಿ ಕೇಳಿತು. ಅವರ ಹಿಂದೆ ಕ್ಯಾಮೆರಾದವರು, ಕಂಪ್ಯೂಟರ್ ಮೇಷ್ಟ್ರು, ಆಡಳಿತ ಮಂಡಳಿಯವರು. "ನೋಡಿ, ಸನ್ಮಾನದ ದಿನಾನೂ ರೋಗಿಗಳ ಜೊತೆ ನಿಂತಿದ್ದಾರೆ! ಸಾರ್, ಹಾಗೇ ಇರಿ, ಫೋಟೋ."

ಎಲ್ಲ ಕ್ಯಾಮೆರಾಗಳೂ ಮೇಷ್ಟ್ರ ಬಾಯಿಯ ಮೇಲೆ ನಿಂತವು. ಎಳೆದುಕೊಂಡ ಗಾಳಿಯನ್ನು ಮೇಷ್ಟ್ರು ಸದ್ದಿಲ್ಲದೆ ಮೂಗಿನಿಂದ ಬಿಟ್ಟರು. ಮುದುಕರು ಮೆತ್ತಗೆ ಕೆಮ್ಮಿದರು. ಹಸಿರು ದೀಪ ಹತ್ತಿತು, ಎಲ್ಲರೂ ಚಪ್ಪಾಳೆ ತಟ್ಟಿದರು.

ಮುದುಕರು ತಿರುಗಿ ಮೇಷ್ಟ್ರ ಎರಡೂ ಕೈ ಹಿಡಿದುಕೊಂಡರು. "ನೀವೇ ಅಲ್ವೇ ಇದನ್ನ ಮಾಡಿದ್ದು? ಎರಡನೇ ಸಲವೂ ಏನೂ ಇಲ್ಲ ಅಂತು. ಮನೇಲಿ ಎಲ್ಲ ಹೆದರಿಬಿಟ್ಟಿದ್ರು. ನೂರ್ಕಾಲ ಬಾಳಿ ಸ್ವಾಮೀ." ಸಿರಪ್ಪಿನ ಬಾಟಲಿ ಇಸಿದುಕೊಂಡು, ಬಾಗಿಲ ಬಳಿ ಒಂದು ಕ್ಷಣ ಗೋಡೆ ಹಿಡಿದು ನಿಂತು, ಮೆಟ್ಟಿಲಿಳಿದು ಹೋದರು.

ಮೇಷ್ಟ್ರು ಗಾಜಿನ ಬಾಗಿಲ ಕಡೆ ನೋಡಿದರು. ಅಕ್ಕ ಎಲ್ಲವನ್ನೂ ನೋಡಿದ್ದಳು. ಅವಳು ನಿಧಾನವಾಗಿ ಗೋಡೆಯ ಕಡೆ ಹೊರಳಿ ಮಲಗಿದಳು. ಸ್ವಲ್ಪ ಹೊತ್ತಿಗೆ ಅವಳ ಹೆಗಲು ಅಲ್ಲಾಡಿತು. ಹೊರಗೆ ಯಾರಿಗೂ ಏನೂ ಕೇಳಿಸಲಿಲ್ಲ.